ಬೊಗಳುವುದು ನಾಯಿ, ಗೊರಕೆ ಹೊಡೆಯುವುದು ಯಜಮಾನರು!

ರಾತ್ರಿ ಒಂದೂವರೆ ಗಂಟೆ. ಬಡಾವಣೆಯ ನಾಲ್ಕನೇ ಕ್ರಾಸಿನಲ್ಲಿ ಮನೆಗಳ ದೀಪಗಳೆಲ್ಲ ಆರಿವೆ. ಮೂಲೆ ಮನೆಯ ಗೇಟಿನ ಬಳಿ ಸರಪಳಿ ಝಣಗುಟ್ಟುತ್ತದೆ. ಆಮೇಲೆ ಶುರು... ಬೌ! ಬೌ! ಬೌ! ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಎದುರು ಮನೆಯ ಕಿಟಕಿ ಧಡಾರನೆ ತೆರೆಯುತ್ತದೆ. ಪಕ್ಕದ ವಠಾರದಲ್ಲಿ ಕೂಸು ಎದ್ದು ಅಳುತ್ತದೆ. ಮಹಡಿ ಮನೆಯಿಂದ "ಥೂ, ಮುಚ್ಚೋ ಬಾಯಿ" ಎಂಬ ಮಂಗಳಾರತಿ ಬೇರೆ. ಬೀದಿಗೆ ಬೀದಿಯೇ ಎದ್ದು ಕೂತಿದೆ. ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿರುವ ಮಹಾನುಭಾವರು ಒಬ್ಬರೇ. ನಾಯಿಯ ಯಜಮಾನರು!

ಕ್ರಾಸಿನ ಹೆಸರು ಇಲ್ಲಿ ಬೇಡ. ಒಂದರ ಹೆಸರು ಹಾಕಿದರೆ ನಗರದ ಉಳಿದ ಬಡಾವಣೆಯವರು "ನಮ್ಮ ನಾಯಿ ಏನು ಕಮ್ಮಿ ಬೊಗಳುತ್ತದೆಯೇ?" ಎಂದು ಜಗಳಕ್ಕೆ ಬಂದಾರು. ಇಂಥ ಮೂಲೆ ಮನೆ ಇಲ್ಲದ ಬಡಾವಣೆ ಈಗ ಎಲ್ಲಿದೆ?

ಗಾದೆ ಹೇಳುವುದು ಸುಲಭ

ನಾಯಿ ಬೊಗಳಿದರೆ ದೇವಲೋಕ ಹಾಳೇ ಎಂದು ದೊಡ್ಡವರು ಹೇಳಿದ್ದಾರೆ. ನಿಜ, ದೇವಲೋಕಕ್ಕೆ ಏನೂ ಆಗುವುದಿಲ್ಲ. ಆದರೆ ನಾಲ್ಕನೇ ಕ್ರಾಸು ಹಾಳಾಗುತ್ತದಲ್ಲ ಸ್ವಾಮಿ!

ಅದೇ ಕ್ರಾಸಿನ ಔಟ್‌ಹೌಸಿನಲ್ಲಿ ರಾತ್ರಿ ಬಸ್ಸಿನ ಡ್ರೈವರ್ ಒಬ್ಬರು ಬಾಡಿಗೆಗಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಬಂದು, ಎರಡು ಇಡ್ಲಿ ತಿಂದು ಒರಗುತ್ತಾರೆ. ಒಂಬತ್ತೂವರೆಗೆ ಮೂಲೆ ಮನೆಯವರು ಬೀಗ ಹಾಕಿ ಹೊರಟರೆಂದರೆ ನಾಯಿಯ ಹಗಲು ಪಾಳಿ ಪ್ರಾರಂಭ. ಸಂಜೆ ಈ ಮನುಷ್ಯ ಮತ್ತೆ ಸ್ಟಿಯರಿಂಗ್ ಹಿಡಿಯಬೇಕು. ಹಿಂದೆ ಐವತ್ತು ಜನ ಅವರನ್ನೇ ನಂಬಿ ಕಣ್ಣು ಮುಚ್ಚಿರುತ್ತಾರೆ. ಅವರ ನಿದ್ದೆ ಅವರೊಬ್ಬರ ಸ್ವತ್ತಲ್ಲ. ಅದರ ಮೇಲೆ ಐವತ್ತು ಸಂಸಾರ ನಿಂತಿದೆ.

ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟರು.

"ಸಾರ್, ನಾಯೀನ ಸ್ವಲ್ಪ ಹಿಂದುಗಡೆ ಕಟ್ಕೊಳ್ಳಿ ಸಾರ್. ಹಗಲು ಒಂದು ಗಳಿಗೆ ಕಣ್ಣು ಮುಚ್ಚೋಕಾಗ್ತಿಲ್ಲ."

"ಏನ್ರೀ ಇದು, ನಾಯಿ ಅಂದ್ಮೇಲೆ ಬೊಗಳಲ್ವೇನ್ರೀ? ಮಿಯಾವ್ ಅನ್ನುತ್ತಾ? ಕಳ್ಳಕಾಕರು ಬರ್ತಾರೆ ಅಂತ್ಲೇ ಅಲ್ವಾ ಸಾಕಿರೋದು!"

ಮಾತು ಅಲ್ಲಿಗೆ ಮುಗಿಯಿತು. ಬೊಗಳಾಟ ಮುಗಿಯಲಿಲ್ಲ.

ಕಾವಲೋ, ಕಾಟವೋ?

ಯಜಮಾನರ ವಾದವನ್ನು ತಳ್ಳಿಹಾಕುವಂತಿಲ್ಲ. ನಾಯಿ ಬೊಗಳಬೇಕು, ಅದಕ್ಕಾಗಿಯೇ ಮನುಷ್ಯ ಅದನ್ನು ಮನೆ ಬಾಗಿಲಿಗೆ ತಂದುಕೊಂಡದ್ದು. ಆದರೆ ಹಾಲಿನವನಿಗೂ ಬೊಗಳಿ, ಪೇಪರ್ ಹುಡುಗನಿಗೂ ಬೊಗಳಿ, ಹಾರುವ ಕಾಗೆಗೂ ಉದುರುವ ಎಲೆಗೂ ಬೊಗಳುವ ನಾಯಿ ಯಾವ ಕಾವಲು ಕಾಯುತ್ತದೆ? ಬೀದಿಯವರು ಅದರ ಕೂಗಿಗೆ ಕಿವಿ ಕೊಡುವುದನ್ನು ಎಂದೋ ಬಿಟ್ಟಿರುತ್ತಾರೆ. ನಾಳೆ ನಿಜವಾದ ಕಳ್ಳನೇ ಕಾಂಪೌಂಡು ಹಾರಿದರೂ "ಅದರದ್ದು ಇದ್ದದ್ದೇ" ಎಂದು ಜನ ಮಗ್ಗುಲು ಬದಲಾಯಿಸುತ್ತಾರೆ. ಸದಾ ಬಾರಿಸುವ ಗಂಟೆಗೂ ಕೆಟ್ಟುಹೋದ ಗಂಟೆಗೂ ಏನು ವ್ಯತ್ಯಾಸ?

ನಾಯಿಯ ಕಡೆಯ ವಾದ

ಇನ್ನು ನಾಯಿಯ ಕಡೆಯಿಂದ ವಕಾಲತ್ತು ಹಾಕುವವರು ಯಾರು? ಮೂರು ಮೊಳದ ಸರಪಳಿ, ತಗಡಿನ ಗೂಡು, ಎರಡು ಹೊತ್ತಿನ ಅನ್ನ. ಬೆಳಿಗ್ಗೆ ಮನೆಯವರು ಹೋದರೆ ಬರುವುದು ಸಂಜೆ. ಬಂದ ಮೇಲೂ ಮಾತಾಡಿಸುವವರಿಲ್ಲ. ಕೆಲವರಂತೂ ಮುಧೋಳ ನಾಯಿಯನ್ನೇ ತಂದು ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟುತ್ತಾರೆ. ಬಯಲಿನಲ್ಲಿ ಬೇಟೆಯ ಬೆನ್ನಟ್ಟಿ ಓಡಲೆಂದು ಬೆಳೆಸಿದ ತಳಿ ಅದು. ಅದಕ್ಕೆ ಗೇಟಿನ ಸಂದಿಯೇ ಪ್ರಪಂಚವಾದರೆ ಬೊಗಳದೆ ಭಜನೆ ಮಾಡುತ್ತದೆಯೇ?

ನಾಯಿಗೆ ಬೊಗಳಲು ಕಾರಣಗಳಿವೆ. ಬೇಸರ, ಒಂಟಿತನ, ಭಯ, ಹಸಿವು, ಕಿವಿನೋವು, ಮುಪ್ಪಿನ ಗಲಿಬಿಲಿ. ಮನುಷ್ಯನಿಗೆ ಕೇಳದ ಸಣ್ಣ ಸದ್ದೂ ಅದಕ್ಕೆ ಕೇಳುತ್ತದೆ. ಕಟ್ಟಿಹಾಕಿದ ನಾಯಿ ಓಡಿಹೋಗಲಾರದು, ಹೋಗಿ ಮೂಸಿ ನೋಡಲಾರದು. ಅದಕ್ಕೆ ಉಳಿದಿರುವುದು ಬಾಯಿ ಒಂದೇ.

ಇದೇ ಕನ್ನಡ ನಾಡಿನಲ್ಲಿ ನಾಯಿಯೊಂದಕ್ಕೆ ಕಲ್ಲು ನೆಟ್ಟು ಗೌರವಿಸಿದ್ದರು. ಸುಮಾರು ಕ್ರಿ.ಶ. 950ರ ಆತಕೂರು ಶಾಸನದಲ್ಲಿ ಹಂದಿಯೊಡನೆ ಕಾದಾಡಿ ಮಡಿದ ಕಾಳಿ ಎಂಬ ನಾಯಿಯ ಕಥೆ ಇದೆ. ಮದ್ದೂರು ತಾಲೂಕಿನ ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಅಂದಿನವರು ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದರು. ಇಂದಿನವರು "ನಾಯಿ ಇದೆ, ಎಚ್ಚರಿಕೆ" ಎಂದು ತಗಡಿನಲ್ಲಿ ಬರೆಸಿ ಕರ್ತವ್ಯ ಮುಗಿಸುತ್ತಾರೆ.

ಕಾನೂನು ಇದೆ, ಆದರೆ...

ಕಾನೂನು ಇಲ್ಲವೇ ಎಂದರೆ, ಧಾರಾಳವಾಗಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮನ್ನು ನಾಯಿ ಸಾಕಿದವರು ಓದಿ ನೋಡಲಿ. ತೀರಾ ಗಿಡ್ಡ ಸರಪಳಿಯಲ್ಲಿ ಹೊತ್ತುಗೊತ್ತಿಲ್ಲದೆ ಪ್ರಾಣಿಯನ್ನು ಕಟ್ಟಿಹಾಕುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೆ ಇರುವುದೂ ಅಪರಾಧ. ಮೊದಲ ಸಲದ ದಂಡ ಎಷ್ಟು ಗೊತ್ತೇ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! ಹೋಟೆಲಿನಲ್ಲಿ ದೋಸೆ ತಿಂದು ಕಾಫಿ ಕುಡಿದರೆ ಇದಕ್ಕಿಂತ ಹೆಚ್ಚು ಬಿಲ್ಲಾಗುತ್ತದೆ.

ಶಬ್ದದ ಲೆಕ್ಕಕ್ಕೆ 2000ದ ಶಬ್ದ ಮಾಲಿನ್ಯ ನಿಯಮಗಳಿವೆ. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಆದರೆ ಅಳೆಯುವ ಯಂತ್ರ ತರುವ ಹೊತ್ತಿಗೆ ನಾಯಿ ಸುಮ್ಮನಾಗಿ ಬಾಲ ಅಲ್ಲಾಡಿಸುತ್ತಿರುತ್ತದೆ. ಸಾರ್ವಜನಿಕ ಉಪದ್ರವಕ್ಕೆ ಹಳೆಯ ದಂಡ ಸಂಹಿತೆಯಲ್ಲಿ ಇನ್ನೂರು ರೂಪಾಯಿವರೆಗೆ ಜುಲ್ಮಾನೆ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಮು ಅದನ್ನು ಸಾವಿರ ರೂಪಾಯಿಗೆ ಏರಿಸಿದೆ. ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯಂತೂ ಎರಡೂ ಕಡೆಯವರಿಗೆ ಬುದ್ಧಿ ಹೇಳುತ್ತದೆ. ಬೊಗಳುವುದು ನಾಯಿಯ ಸಹಜ ಗುಣ, ನೆರೆಯವರು ತಾಳಿಕೊಳ್ಳಬೇಕು. ಹಾಗೆಯೇ ರಾತ್ರಿ ಹೊತ್ತು ಅದನ್ನು ಸುಮ್ಮನಿರಿಸಲು ಸಾಕಿದವರು ಪ್ರಯತ್ನ ಮಾಡಬೇಕು.

ಹೀಗಾಗಿ ಠಾಣೆಯ ಮೆಟ್ಟಿಲು ಹತ್ತುವ ಹಕ್ಕು ನೊಂದವರಿಗೆ ಇದ್ದೇ ಇದೆ. ಆದರೆ ಅದು ಕೊನೆಯ ಮೆಟ್ಟಿಲಾಗಲಿ. ಪೊಲೀಸರು ಬಂದು ಹೋಗುತ್ತಾರೆ, ನಾಯಿ ಎರಡು ದಿನ ಸುಮ್ಮನಿರುತ್ತದೆ, ದ್ವೇಷ ಮಾತ್ರ ಇಪ್ಪತ್ತು ವರ್ಷ ಬೊಗಳುತ್ತಲೇ ಇರುತ್ತದೆ.

ಒಂದು ಬನ್ನಿನ ಮಾತು

ಇದಕ್ಕಿಂತ ಭಯಂಕರವಾದ ಇನ್ನೊಂದು ದಾರಿ ಇದೆ. ನಾಲ್ಕನೇ ಕ್ರಾಸಿನ ಟೀ ಅಂಗಡಿಯ ಮುಂದೆ ಒಂದು ಸಂಜೆ ಯಾರೋ ಅಂದರಂತೆ: "ಇದಕ್ಕೆಲ್ಲ ಯಾಕ್ ತಲೆ ಕೆಡಿಸ್ಕೋತೀರಿ? ಒಂದು ಬನ್ನು ಸಾಕು." ನಿಂತಿದ್ದವರಿಗೆಲ್ಲ ಅರ್ಥವಾಯಿತು. ಇಬ್ಬರು ನಕ್ಕರು. ಒಬ್ಬರೂ "ಛೀ" ಅನ್ನಲಿಲ್ಲ. ನಿದ್ದೆಗೆಟ್ಟ ಬೀದಿ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಪ್ರಾಣಿಗೆ ವಿಷ ಹಾಕಿ ಕೊಂದವರಿಗೆ ನ್ಯಾಯ ಸಂಹಿತೆಯ 325ನೇ ಕಲಮಿನಂತೆ ಐದು ವರ್ಷದವರೆಗೆ ಜೈಲಾಗಬಹುದು. ಜೈಲಿನ ಮಾತು ಹಾಗಿರಲಿ. ಗೇಟಿನ ಮುಂದೆ ಎಸೆದ ವಿಷದ ಬನ್ನಿನ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ. ಅದನ್ನು ಹಸು ತಿಂದೀತು, ಕಾಗೆ ಕಚ್ಚಿಕೊಂಡು ಹೋಗಿ ಬಾವಿಗೆ ಹಾಕೀತು, ಆಡುವ ಕೂಸು ಎತ್ತಿಕೊಂಡೀತು. ತಪ್ಪು ಮಾಡಿದ್ದು ಸರಪಳಿ ಕಟ್ಟಿದ ಕೈ. ಶಿಕ್ಷೆ ಕಟ್ಟಿಸಿಕೊಂಡ ಕುತ್ತಿಗೆಗೆ! ಇದು ಯಾವ ನ್ಯಾಯ?

ಮೇಷ್ಟ್ರ ನೋಟ್ ಬುಕ್ಕು

ಬನ್ನಿನ ಮಾತು ಅದೇ ಕ್ರಾಸಿನ ನಿವೃತ್ತ ಮೇಷ್ಟ್ರೊಬ್ಬರ ಕಿವಿಗೆ ಬಿತ್ತು. ಅವರು ಜಗಳಕ್ಕೆ ಹೋಗಲಿಲ್ಲ, ಅರ್ಜಿಯನ್ನೂ ಬರೆಯಲಿಲ್ಲ. ನೂರು ಪುಟದ ಒಂದು ನೋಟ್ ಬುಕ್ಕು ತೆಗೆದುಕೊಂಡು ಎಂಟು ದಿನ ನಾಯಿಯ ಹಾಜರಿ ಹಾಕಿದರು. ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ನಿಂತಿತು, ಆಗ ಬೀದಿಯಲ್ಲಿ ಏನಿತ್ತು. ಅಷ್ಟೇ.

ಎಂಟನೆಯ ದಿನ ಚಿತ್ರ ಸ್ಪಷ್ಟವಾಯಿತು. ಮುಂಜಾನೆ ಹಾಲು, ಪೇಪರು ಬಂದಾಗ ಎರಡೆರಡು ನಿಮಿಷ. ಮನೆಯವರು ಬೀಗ ಹಾಕಿ ಹೋದ ಮೇಲೆ ಒಂದೂವರೆ ಗಂಟೆ ಅಳುದನಿಯ ಬೊಗಳು. ರಾತ್ರಿ ಒಂದೂವರೆಗೆ ಮೂರನೆಯದು. ಅದಕ್ಕೆ ಕಾರಣ ಮೂಲೆಯ ಕಸದ ಗುಡ್ಡೆ. ಕೋಳಿ ಅಂಗಡಿಯ ತ್ಯಾಜ್ಯ ಬೀಳುವುದೂ ಅಲ್ಲೇ, ಬೀದಿನಾಯಿಗಳ ಸಂತೆ ಸೇರುವುದೂ ಅಲ್ಲೇ, ಆ ಹೊತ್ತಿಗೇ!

ಪುಸ್ತಕ ಹಿಡಿದು ಮೇಷ್ಟ್ರು ಭಾನುವಾರ ಮೂಲೆ ಮನೆಗೆ ಹೋದರು. "ನಿನ್ನ ನಾಯಿ ಕಾಟ ಕೊಡ್ತಿದೆ" ಎನ್ನಲಿಲ್ಲ. "ನಿಮ್ಮ ನಾಯಿಗೆ ಏನೋ ತೊಂದರೆ ಇದ್ದ ಹಾಗಿದೆಯಪ್ಪಾ, ನೋಡು" ಎಂದರು.

ಯಜಮಾನರು ಪುಟ ತಿರುವಿದರು. ಮುಖ ಸಣ್ಣಗಾಯಿತು. "ಹಗಲೂ ಬೊಗಳುತ್ತಾ ಮೇಷ್ಟ್ರೇ? ನಾವಿದ್ದಾಗ ತೆಪ್ಪಗೆ ಬಿದ್ದಿರುತ್ತಲ್ಲ!"

ನೋಡಿ, ಅರ್ಧ ಜಗಳದ ಗುಟ್ಟು ಇಲ್ಲಿದೆ. ಮನೆಯಲ್ಲಿ ಇಲ್ಲದವರಿಗೆ ನಾಯಿಯ ಹಗಲಿನ ಕಥೆ ಗೊತ್ತೇ ಇರುವುದಿಲ್ಲ. ಗೊತ್ತಿರುವವರು ಹೇಳುವಾಗ ಬೈದು ಹೇಳುತ್ತಾರೆ. ಬೈಸಿಕೊಂಡವರು ನಾಯಿಗಿಂತ ಜೋರಾಗಿ ಬೊಗಳುತ್ತಾರೆ.

ಯಜಮಾನರು ಮಾಡಬೇಕಾದ್ದು

ಮಾಡಬೇಕಾದ್ದು ಬ್ರಹ್ಮವಿದ್ಯೆಯಲ್ಲ. ಬೆಳಿಗ್ಗೆ ಹೊರಡುವ ಮುಂಚೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಾಯಿಯನ್ನು ಬೀದಿ ಸುತ್ತಿಸಬೇಕು. ದಣಿದ ನಾಯಿ ಮಲಗುತ್ತದೆ. ದಣಿಯದ ನಾಯಿ ಬೀದಿಯನ್ನು ದಣಿಸುತ್ತದೆ. ಗೇಟಿನ ಬಳಿಯ ಗೂಡನ್ನು ಹಿತ್ತಲಿಗೆ ಸಾಗಿಸಬೇಕು. ಬೀದಿ ಕಾಣದಿದ್ದರೆ ಅರ್ಧ ಬೊಗಳು ತಾನಾಗಿ ನಿಲ್ಲುತ್ತದೆ. ರಾತ್ರಿ ಪಡಸಾಲೆಯಲ್ಲೋ ವರಾಂಡದಲ್ಲೋ ಮಲಗಿಸಿದರೆ ಇನ್ನೂ ಒಳ್ಳೆಯದು. ಮನೆಯವರು ಹೋಗುವಾಗ ಕಡಿಯಲು, ಉರುಳಿಸಲು ಏನಾದರೂ ಕೊಟ್ಟು ಹೋಗಬೇಕು.

ಬೊಗಳುವಾಗ "ಏಯ್" ಎಂದು ಒಳಗಿನಿಂದ ಅರಚಬಾರದು. ನಾಯಿಯ ಲೆಕ್ಕದಲ್ಲಿ ಯಜಮಾನರೂ ಜತೆಗೂಡಿ ಬೊಗಳಿದಂತಾಯಿತು! ಹೊಡೆಯಲಂತೂ ಕೂಡದು, ಹೆದರಿದ ನಾಯಿ ಇನ್ನಷ್ಟು ಬೊಗಳುತ್ತದೆ. ಬೊಗಳಿದಾಗಲೆಲ್ಲ ಬಿಸ್ಕತ್ತು ಎಸೆದು ಬಾಯಿ ಮುಚ್ಚಿಸುವುದು ಲಂಚ ಕೊಟ್ಟ ಹಾಗೆ. ರುಚಿ ಹತ್ತಿದರೆ ಬಿಡುವುದಿಲ್ಲ. ಸುಮ್ಮನಾದ ಮೇಲೆ ಕೊಟ್ಟರೆ ಅದು ಬಹುಮಾನ. ಹೊಸ ಪದ್ಧತಿಯ ಮೊದಲ ಕೆಲವು ದಿನ ಬೊಗಳು ಹೆಚ್ಚಾಗಲೂಬಹುದು. ಆಗ ಕೈಬಿಡಬಾರದು. ನೆರೆಯವರೂ ಆ ಕೆಲವು ದಿನ ಹಲ್ಲು ಕಚ್ಚಿಕೊಳ್ಳಬೇಕು. ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಬೊಗಳುವುದಕ್ಕೆ ಶುರು ಮಾಡಿದರೆ ಮೊದಲು ಪಶು ಆಸ್ಪತ್ರೆಯ ಡಾಕ್ಟರಿಗೆ ತೋರಿಸಬೇಕು.

ಇದಕ್ಕೂ ಪುರುಸೊತ್ತಿಲ್ಲ ಎನ್ನುವವರು ನಾಯಿ ಸಾಕುವ ಗೋಜಿಗೇ ಹೋಗಬಾರದು. ಗೇಟಿಗೆ ಒಳ್ಳೆಯ ಬೀಗ ಹಾಕಿಕೊಳ್ಳಲಿ. ಅದು ಬೊಗಳುವುದೂ ಇಲ್ಲ, ಅಳುವುದೂ ಇಲ್ಲ.

ಪುರಪಿತೃಗಳ ಪಾಲು

ಮೇಷ್ಟ್ರ ಪುಸ್ತಕದ ಮೂರನೆಯ ಲೆಕ್ಕ ಮಾತ್ರ ಯಜಮಾನರದಲ್ಲ, ಪುರಪಿತೃಗಳದು. ಮೂಲೆಯಲ್ಲಿ ಕಸ ಕೊಳೆಯಲು ಬಿಟ್ಟು, ಬೀದಿನಾಯಿಗಳಿಗೆ ಔತಣ ಹಾಕಿ, ಆಮೇಲೆ ನಾಯಿ ಕಾಟ ಎಂದು ಸಭೆಯಲ್ಲಿ ಗುಡುಗಿದರೆ ಏನು ಬಂತು? ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ ಎಂದು 2023ರ ನಿಯಮಗಳು ಹೇಳುತ್ತವೆ. ಕಸ ಎತ್ತುವುದಕ್ಕಂತೂ ಯಾವ ಹೊಸ ನಿಯಮವೂ ಬೇಕಿಲ್ಲ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಲಸಿಕೆ ಹಾಕಿಸಲು ಜನ ನಾಯಿ ಹಿಡಿದುಕೊಂಡು ಸಾಲು ನಿಂತಿರುವಾಗಲೇ, ಕಟ್ಟಿಹಾಕುವುದರ ಬಗ್ಗೆ, ಓಡಾಡಿಸುವುದರ ಬಗ್ಗೆ ಡಾಕ್ಟರಿಂದ ಹತ್ತು ನಿಮಿಷ ಹೇಳಿಸಿದರೆ ಬೊಕ್ಕಸಕ್ಕೆ ಎಷ್ಟು ಖರ್ಚಾದೀತು?

ನಾಲ್ಕನೇ ಕ್ರಾಸಿನಲ್ಲಿ ಈಗ ಗೂಡು ಹಿತ್ತಲಿಗೆ ಹೋಗಿದೆ. ಯಜಮಾನರು ಬೆಳಿಗ್ಗೆ ಆರಕ್ಕೆ ನಾಯಿ ಹಿಡಿದು ಹೊರಡುತ್ತಾರೆ, ಅವರ ಹೊಟ್ಟೆಯೂ ಸ್ವಲ್ಪ ಕರಗಿದೆ ಎಂದು ಬೀದಿಯವರ ಅಂಬೋಣ. ಡ್ರೈವರಿಗೆ ಹಗಲು ಐದು ಗಂಟೆ ನಿದ್ದೆ ಸಿಗುತ್ತಿದೆ. ನಾಯಿ ಈಗಲೂ ಬೊಗಳುತ್ತದೆ, ಆದರೆ ಅಪರೂಪಕ್ಕೆ. ಬೊಗಳಿದಾಗ ಯಾರೂ ಬೈಯುವುದಿಲ್ಲ. "ಯಾರು ಬಂದರು?" ಎಂದು ಕಿಟಕಿ ತೆರೆದು ನೋಡುತ್ತಾರೆ. ಕಾವಲು ಎಂದರೆ ಇದು.

ರಾತ್ರಿ ಒಂದೂವರೆಯ ಸಂತೆ ಮಾತ್ರ ಇನ್ನೂ ನಿಂತಿಲ್ಲ. ಕಸದ ಗುಡ್ಡೆ ಇದ್ದಲ್ಲೇ ಇದೆ. ಮೇಷ್ಟ್ರ ನೋಟ್ ಬುಕ್ಕಿನಲ್ಲಿ ಇನ್ನೂ ಬೇಕಾದಷ್ಟು ಹಾಳೆ ಉಳಿದಿವೆ. ಪುರಪಿತೃಗಳ ಹಾಜರಿ ಹಾಕುವ ಮುಂಚೆ ಲಾರಿ ಬಂದೀತೇ?