ಠಾಣೆಯ ಮೇಜಿನಾಚೆ ಕೂತವರಿಗೂ ಪಾಠ ಬೇಕು



ಮಲ್ಲಿಪಟ್ಟಣದ ಕಡೆಯ ನಮ್ಮ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದು ಪುಸ್ತಕ ಮುಚ್ಚಿದ ಮೇಲೆಯೇ ನಿಜವಾದ ಮಾತು ಶುರುವಾಗುವುದು. ಯಾರಿಗೆ ಪೆಟ್ಟು ಬಿತ್ತು, ಯಾರ ಮಗಳು ತವರಿಗೆ ವಾಪಸು ಬಂದಳು, ಯಾರ ಓಲೆ ಗಿರವಿ ಅಂಗಡಿ ಸೇರಿತು. ಹಾಗೆ ಕೂತಿದ್ದಾಗ ಒಂದು ದಿನ ಒಬ್ಬ ಹೆಣ್ಣುಮಗಳು ಏನೂ ಹೇಳದೆ ಸೆರಗು ಸರಿಸಿ ತೋಳು ತೋರಿಸಿದಳು. ಮದುವೆಯಾಗಿ ಮೂರು ವರ್ಷ. ಆಗ ಕೊಟ್ಟದ್ದು ಸಾಲಲಿಲ್ಲ. ಶುಂಠಿಗೆ ಬೆಲೆ ಬಿದ್ದ ವರ್ಷ ಗಂಡನ ಮನೆಯ ನಷ್ಟವೂ ಅವಳ ತವರಿನ ಲೆಕ್ಕಕ್ಕೇ ಬಂತು.

ನಾವು ಮೂವರು ಅವಳ ಜೊತೆ ಠಾಣೆಗೆ ಹೋದೆವು. ಯಾವ ಊರಿನ ಠಾಣೆ ಎಂದು ಹೇಳುವುದಿಲ್ಲ; ಯಾವ ಊರಿನದಾದರೂ ಆಗಬಹುದಿತ್ತು. ಎರಡು ಗಂಟೆ ಬೆಂಚಿನ ಮೇಲೆ ಕೂತ ಮೇಲೆ ಮೇಜಿನ ಹಿಂದಿದ್ದವರು ಕೇಳಿದ ಮೊದಲ ಪ್ರಶ್ನೆ: "ನೀನು ಎದುರು ಮಾತಾಡ್ತೀಯಾ?" ಎರಡನೆಯದು: "ಅವರ ಅತ್ತೆ ಮಾವನನ್ನು ಯಾಕೆ ಕರೆದುಕೊಂಡು ಬರಲಿಲ್ಲ?" ನಾನು ದೂರು ಬರೆದುಕೊಳ್ಳಿ ಎಂದಾಗ ಅವರು ಬಹಳ ಸೌಜನ್ಯದಿಂದಲೇ ಹೇಳಿದರು: "ಮೇಡಂ, ನಿಮಗೆ ಗೊತ್ತಿಲ್ಲ. ಇಂಥ ಕೇಸು ತಗೋಬೇಡಿ ಅಂತ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ."

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವಳು. ಸುಳ್ಳು ಹೇಳುವವರ ಮುಖಕ್ಕೂ ತಪ್ಪು ಕಲಿತವರ ಮುಖಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತು. ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಅವರು ಹಾಗೆಯೇ ಕಲಿತಿದ್ದರು. ಅದೇ ನನ್ನನ್ನು ಹೆದರಿಸಿದ್ದು.

ನ್ಯಾಯಾಲಯ ಹೇಳಿದ್ದೇನು? 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ದೂರು ಬಂದ ಕೂಡಲೇ ಯಂತ್ರದಂತೆ ಬಂಧಿಸಬೇಡಿ, ಬಂಧನ ಏಕೆ ಬೇಕು ಎಂಬುದಕ್ಕೆ ಕಾರಣ ಬರೆಯಿರಿ. ಬಂಧಿಸಬೇಡಿ ಎನ್ನುವುದು ಬೇರೆ, ಬರೆದುಕೊಳ್ಳಬೇಡಿ ಎನ್ನುವುದು ಬೇರೆ. ಅದಕ್ಕೂ ಒಂದು ವರ್ಷ ಮೊದಲು, 2013ರಲ್ಲಿ, ಲಲಿತಾ ಕುಮಾರಿ ಪ್ರಕರಣದಲ್ಲಿ ಅದೇ ಕೋರ್ಟು, ಪೊಲೀಸರು ನೇರವಾಗಿ ಕೈಗೆತ್ತಿಕೊಳ್ಳಬಹುದಾದ ಅಪರಾಧವೆಂದು ಕಂಡರೆ ಎಫ್.ಐ.ಆರ್. ದಾಖಲಿಸುವುದು ಕಡ್ಡಾಯ ಎಂದಿತ್ತು. ಗಂಡ-ಹೆಂಡಿರ ವ್ಯಾಜ್ಯಗಳಲ್ಲಿ ಚಿಕ್ಕ ಅವಧಿಯ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಟ್ಟಿತು, ನಿಜ. ವಿಚಾರಣೆ ಎಂದರೆ ವಾಪಸು ಕಳಿಸುವುದಲ್ಲ. ಈ ಒಂದು ವ್ಯತ್ಯಾಸವನ್ನು ಮೇಜಿನ ಹಿಂದೆ ಕೂತವರಿಗೆ ಯಾರೂ ಬಿಡಿಸಿ ಹೇಳಿಲ್ಲ. ಅದರ ಬೆಲೆ ತೆತ್ತವಳು ಬೆಂಚಿನ ಮೇಲೆ ಕೂತಿದ್ದವಳು.

ಪೊಲೀಸರಿಗೆ ತರಬೇತಿ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮೈಸೂರಿನಲ್ಲಿ ಕರ್ನಾಟಕ ಪೊಲೀಸ್ ಅಕಾಡೆಮಿ ಇದೆ. 2001ರಲ್ಲಿ ನಮ್ಮ ರಾಜ್ಯದ ಪೊಲೀಸ್ ಇಲಾಖೆ ಯುನಿಸೆಫ್ ಜೊತೆ ಸೇರಿ ಲಿಂಗ ಸಂವೇದನೆ ಮತ್ತು ಜನಸ್ನೇಹಿ ಪೊಲೀಸ್ ಯೋಜನೆ ಆರಂಭಿಸಿತು. ಕಾನೂನಿನ ಒತ್ತಾಯವೂ ಇದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ 11ನೇ ಕಲಂ ಓದಿ: ಪೊಲೀಸ್ ಅಧಿಕಾರಿಗಳಿಗೂ ನ್ಯಾಯಾಂಗದವರಿಗೂ ಕಾಲಕಾಲಕ್ಕೆ ಸಂವೇದನೆ ಮತ್ತು ಅರಿವಿನ ತರಬೇತಿ ಕೊಡಿಸುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಕರ್ತವ್ಯ. ಕೆಲಸಕ್ಕೆ ಸೇರಿದಾಗ ಒಂದು ಸಲ ಎಂದಲ್ಲ, ಕಾಲಕಾಲಕ್ಕೆ.

ಅದೇ ಕಾಯ್ದೆಯ 5ನೇ ಕಲಮನ್ನು ನಮ್ಮ ಪ್ರತಿ ಸಂಘದ ಗೋಡೆಗೆ ಅಂಟಿಸಬೇಕು. ದೌರ್ಜನ್ಯದ ದೂರು ಬಂದಾಗ ಪೊಲೀಸ್ ಅಧಿಕಾರಿ ತಾನಾಗಿಯೇ ಆ ಹೆಣ್ಣಿಗೆ ಹೇಳಬೇಕಾದ ಮಾತುಗಳು ಅಲ್ಲಿವೆ: ನಿನಗೆ ರಕ್ಷಣೆಯ ಆದೇಶ ಕೇಳುವ ಹಕ್ಕಿದೆ, ಸಂರಕ್ಷಣಾಧಿಕಾರಿ ಇದ್ದಾರೆ, ನೆರವು ಕೊಡುವ ಸಂಸ್ಥೆಗಳಿವೆ, ಉಚಿತ ಕಾನೂನು ನೆರವಿದೆ, ಕ್ರೌರ್ಯದ ಕ್ರಿಮಿನಲ್ ದೂರನ್ನೂ ಕೊಡಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿಯಿಂದಾಗಿ ನಮ್ಮ ಹೆಂಗಸರಿಗೆಲ್ಲ ಪರಿಚಯದ ಕಚೇರಿ ಅದು. ಆ ದಿನ ಈ ಐದು ಮಾತುಗಳಲ್ಲಿ ಒಂದನ್ನೂ ನಾವು ಕೇಳಲಿಲ್ಲ. ಕೇಳಿದ್ದು ಒಂದೇ ಮಾತು, "ಹೊಂದಿಕೊಂಡು ಹೋಗಮ್ಮ."

ಇನ್ನೊಂದು ವಿಚಿತ್ರ ನೋಡಿ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ 498ಎ ದೂರುಗಳನ್ನೆಲ್ಲ ಮೊದಲು ಕುಟುಂಬ ಕಲ್ಯಾಣ ಸಮಿತಿಯ ಮುಂದಿಡಬೇಕೆಂದಿತು. ಅದು ಸರಿಯಲ್ಲವೆಂದು ಮಹಿಳಾ ಸಂಘಟನೆಗಳು ದನಿಯೆತ್ತಿದವು. 2018ರ ಸೆಪ್ಟೆಂಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಸಮಿತಿಗಳನ್ನು ತೆಗೆದುಹಾಕಿತು. ಅದೇ ತೀರ್ಪಿನಲ್ಲಿ ಪ್ರತಿ ರಾಜ್ಯದ ಪೊಲೀಸ್ ಮಹಾನಿರ್ದೇಶಕರಿಗೂ ಒಂದು ನಿರ್ದೇಶನವಿದೆ: ಈ ಪ್ರಕರಣಗಳ ತನಿಖಾಧಿಕಾರಿಗಳಿಗೆ ಕಟ್ಟುನಿಟ್ಟಾದ ತರಬೇತಿ ಕೊಡಿಸಿ. ಯಾವ ವಿಷಯದಲ್ಲಿ? ಬಂಧನದ ನಿಯಮಗಳಲ್ಲಿ. ಬೇಕು, ಬೇಡವೆನ್ನುವುದಿಲ್ಲ, ವಿನಾಕಾರಣ ಯಾರನ್ನೂ ಜೈಲಿಗೆ ಹಾಕಬಾರದು. ಆದರೆ ಕಟ್ಟುನಿಟ್ಟು ಎಂಬ ಮಾತು ಆರೋಪಿಯ ಹಕ್ಕಿನ ಪಾಠಕ್ಕೆ ಸಿಕ್ಕಿತು. ಹೊಡೆಸಿಕೊಂಡವಳ ಹಕ್ಕಿನ ಪಾಠ 'ಕಾಲಕಾಲಕ್ಕೆ' ಎಂಬಲ್ಲೇ ನಿಂತಿತು. ಮೊದಲನೆಯದು ಠಾಣೆಯವರೆಗೂ ಇಳಿಯಿತು, ಅರ್ಧಂಬರ್ಧವಾಗಿಯಾದರೂ. ಎರಡನೆಯದು ದಾರಿಯಲ್ಲೇ ಕಳೆದುಹೋಯಿತು.

ಸಮಯವಿಲ್ಲ, ಸಿಬ್ಬಂದಿಯಿಲ್ಲ ಎನ್ನುತ್ತಾರೆ. ನಮ್ಮ ಕಾನ್‌ಸ್ಟೇಬಲ್‌ಗಳ ದುಡಿಮೆ ನನಗೆ ಗೊತ್ತು. ಜಾತ್ರೆಗೆ ಅವರು, ಮಂತ್ರಿಗಳ ಬಂದೋಬಸ್ತಿಗೆ ಅವರು, ಚುನಾವಣೆಗೂ ಅವರೇ. ಅವರ ಮನೆಯಲ್ಲೂ ನಮ್ಮಂಥ ಹೆಂಗಸರಿದ್ದಾರೆ. ಆದರೆ 2024ರ ಜುಲೈ 1ರಂದು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದಾಗ ದೇಶದ ಉದ್ದಗಲಕ್ಕೂ ಪೊಲೀಸರಿಗೆ ತರಗತಿ ನಡೆಯಿತು. 498ಎ ಹೋಗಿ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86 ಆಯಿತು, ವರದಕ್ಷಿಣೆ ಸಾವಿನ 304ಬಿ ಹೋಗಿ 80 ಆಯಿತು ಎಂದು ಎಲ್ಲರೂ ಕಲಿತರು. ಸಂಖ್ಯೆ ಕಲಿಸುವುದಕ್ಕೆ ಸಮಯ ಸಿಕ್ಕಿತು. ಆ ಸಂಖ್ಯೆಯ ಹಿಂದಿರುವ ಹೆಣ್ಣಿನ ಮಾತು ಕೇಳುವುದನ್ನು ಕಲಿಸುವುದಕ್ಕೆ ಮಾತ್ರ ಸಮಯವಿಲ್ಲವೇ?

ತರಬೇತಿಯ ಮಾತಿಗೆ ನನ್ನ ಕಥೆಯನ್ನೇ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲೇ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ, ಯು.ಜಿ.ಸಿ. ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಅಧ್ಯಾಪಕರು ಅಲ್ಲಿ ಓರಿಯೆಂಟೇಶನ್, ರಿಫ್ರೆಷರ್ ಕೋರ್ಸು ಮುಗಿಸದಿದ್ದರೆ ಮೇಲಿನ ವೇತನಶ್ರೇಣಿಯಿಲ್ಲ. ನಾನು ತಪ್ಪು ಪಾಠ ಮಾಡಿದರೆ ಹುಡುಗರಿಗೆ ಹತ್ತು ಅಂಕ ಹೋಗುತ್ತಿತ್ತು, ಅಷ್ಟೇ. ಅದಕ್ಕೇ ನನಗೆ ವಾರಗಟ್ಟಲೆ ಮರುಪಾಠ ಕಡ್ಡಾಯವಾಗಿತ್ತು. ಠಾಣೆಯಲ್ಲಿ ತಪ್ಪಾದರೆ ಹೋಗುವುದು ಪ್ರಾಣ.

ಆದರೆ ಆ ಕೋರ್ಸುಗಳಲ್ಲಿ ನಾವೇನು ಮಾಡುತ್ತಿದ್ದೆವು ಎಂಬುದನ್ನೂ ಹೇಳಬೇಕು. ಕೆಲವರು ಕಲಿತೆವು. ಹಲವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಮಧ್ಯಾಹ್ನದ ಊಟದ ನಂತರ ತೂಕಡಿಸಿದೆವು. ಸರ್ಟಿಫಿಕೇಟು ಎಲ್ಲರಿಗೂ ಬಂತು. ನನ್ನ ಎಂ.ಎ. ಪದವಿ, ಆ ಕೋರ್ಸುಗಳು, ಯಾವುದೂ ನನ್ನನ್ನು ಒಂದು ತಪ್ಪಿನಿಂದ ಕಾಪಾಡಲಿಲ್ಲ. ಓದುತ್ತಿರುವಾಗಲೇ ಮದುವೆಯಾಗಿದ್ದ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ಅಳುತ್ತಾ ನಿಂತಾಗ, "ಪರೀಕ್ಷೆ ಮುಗಿಯಲಿ, ಅಲ್ಲಿಯವರೆಗೆ ಹೊಂದಿಕೋ" ಎಂದಿದ್ದೆ. ಅವಳು ಪರೀಕ್ಷೆಗೆ ಬರಲೇ ಇಲ್ಲ. ಆ ಠಾಣೆಯವರ ಬಾಯಲ್ಲಿ ಬಂದ ಮಾತು ಒಂದು ಕಾಲಕ್ಕೆ ನನ್ನದೂ ಆಗಿತ್ತು. ಅದಕ್ಕೇ ಹೇಳುತ್ತೇನೆ, ಕೇಳಿಸಿಕೊಳ್ಳುವುದು ಹುಟ್ಟಿನಿಂದ ಬರುವ ಗುಣವಲ್ಲ, ಕಲಿಯಬೇಕಾದ ಕೆಲಸ.

ಇಲಾಖೆಯವರೇ ಒಮ್ಮೆ ನನ್ನನ್ನು ಲಿಂಗ ಸಂವೇದನೆಯ ಉಪನ್ಯಾಸಕ್ಕೆ ಕರೆದಿದ್ದರು. ಒಂದು ಗಂಟೆ. ಹಾರ, ಸ್ವಾಗತ ಭಾಷಣ, ಫೋಟೋ ಕಳೆದು ಉಳಿದದ್ದು ಮೂವತ್ತು ನಿಮಿಷ. ಹಿರಿಯ ಅಧಿಕಾರಿ ಉದ್ಘಾಟನೆ ಮಾಡಿ ಎದ್ದು ಹೋದರು. ಅವರು ಎದ್ದು ಹೋದದ್ದೇ ಆ ದಿನ ಸಿಬ್ಬಂದಿ ಕಲಿತ ದೊಡ್ಡ ಪಾಠ: ಇದು ಮುಖ್ಯವಲ್ಲ.

ನಾಯಕತ್ವದ ತರಬೇತಿ ಬೇಕಾದದ್ದು ಇಲ್ಲಿಯೇ. ಠಾಣೆಯ ಸಬ್ ಇನ್ಸ್‌ಪೆಕ್ಟರು, ವೃತ್ತ ನಿರೀಕ್ಷಕರು, ಡಿವೈಎಸ್‌ಪಿ ಕೇಳುವ ಪ್ರಶ್ನೆಯೇ ಕೆಳಗಿನವರಿಗೆ ಪಠ್ಯಪುಸ್ತಕ. "ಈ ತಿಂಗಳು ಎಷ್ಟು ಕೇಸು ಕಡಿಮೆಯಾಯಿತು?" ಎಂದು ಕೇಳಿದರೆ ಕೇಸು ಬರೆಯುವುದು ಕಡಿಮೆಯಾಗುತ್ತದೆ, ಹೊಡೆತವಲ್ಲ. "ಎಷ್ಟು ಹೆಂಗಸರು ಬಂದರು, ಎಷ್ಟು ಜನರನ್ನು ವಾಪಸು ಕಳಿಸಿದಿರಿ, ಏಕೆ?" ಎಂದು ಕೇಳಿದರೆ ಬೆಂಚಿನ ಮೇಲಿನ ಕಾಯುವಿಕೆ ತಾನಾಗಿ ಕಡಿಮೆಯಾಗುತ್ತದೆ. ಈ ಹೊಣೆ ಹೊಸ ಕಾನೂನಿನಲ್ಲಿ ಇನ್ನೂ ಹೆಚ್ಚಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ದರ್ಜೆಯವರ ಪೂರ್ವಾನುಮತಿಯಿಂದ 14 ದಿನದ ಪ್ರಾಥಮಿಕ ವಿಚಾರಣೆ ನಡೆಸಬಹುದೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಕ್ರೌರ್ಯದ ಅಪರಾಧಕ್ಕೆ ಶಿಕ್ಷೆ ಮೂರು ವರ್ಷದವರೆಗೆ. ಅದಕ್ಕೂ ಇದನ್ನು ಬಳಸಲು ದಾರಿಯಿದೆ. ಆ 14 ದಿನ ಹೆಣ್ಣು ಎಲ್ಲಿ ಮಲಗಬೇಕು ಎಂದು ಕೇಳುವ ಅಧಿಕಾರಿ ನಮಗೆ ಬೇಕು.

ಇಲಾಖೆಗೆ ಸಾಧ್ಯವಿಲ್ಲ ಎನ್ನಬೇಡಿ. 2024ರಲ್ಲಿ ನಮ್ಮ ಹಾಸನದ ಅಂದಿನ ಸಂಸದರ ಮೇಲೆ ಲೈಂಗಿಕ ದೌರ್ಜನ್ಯದ ದೂರುಗಳು ಬಂದಾಗ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಮೇ 31ರಂದು ವಿಮಾನ ನಿಲ್ದಾಣದಲ್ಲಿ ಬಂಧಿಸಿ ಕರೆದೊಯ್ದದ್ದು ಮಹಿಳಾ ಪೊಲೀಸರು. 2025ರ ಆಗಸ್ಟ್‌ನಲ್ಲಿ ಮನೆಗೆಲಸದ ಹೆಣ್ಣುಮಗಳೊಬ್ಬಳ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ದೇಶವೇ ನೋಡುತ್ತಿದ್ದಾಗ ಇಲಾಖೆಗೆ ಇದು ಬಂತು. ಯಾರೂ ನೋಡದ ಮಂಗಳವಾರ ಮಧ್ಯಾಹ್ನ, ಅರಕಲಗೂಡಿನ ಬಸ್ಸಿಳಿದು ಬಂದ ಹೆಣ್ಣಿನ ಮುಂದೆಯೂ ಬರಬೇಕು.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಗೆಳತಿಯರು ಸುಟ್ಟು ಸತ್ತ ಹೆಂಗಸರ ಕಡತಗಳ ಬೆನ್ನು ಹತ್ತಿದರು. ಒಂದರ ನಂತರ ಒಂದು ಕಡತದಲ್ಲಿ ಅದೇ ಕಾರಣ, ಸ್ಟೌ ಸಿಡಿಯಿತು. ಇಲ್ಲವೇ, ಹೊಟ್ಟೆನೋವು ತಾಳಲಾರದೆ. ಆ ಕಡತಗಳನ್ನು ಪ್ರಶ್ನಿಸಲು ಇಲಾಖೆಗೆ ಕಲಿಸಿದವರು ಹೆಂಗಸರೇ. ಈಗ ನಮ್ಮ ಸರದಿ. ನನ್ನ ಬೇಡಿಕೆ ನಾಲ್ಕು.

ಒಂದು, ತರಬೇತಿ ಅಕಾಡೆಮಿಯಲ್ಲಿ ನಿಲ್ಲದೆ ಠಾಣೆಗೆ ಬರಲಿ. ದೂರು ಬರೆದುಕೊಳ್ಳುವ ಕಾನ್‌ಸ್ಟೇಬಲ್‌ಗೇ ಮೊದಲು ಸಿಗಲಿ. ಎರಡು, ವರ್ಷಕ್ಕೊಮ್ಮೆ ಕಡ್ಡಾಯವಾಗಲಿ, ಬಡ್ತಿಗೆ ಲೆಕ್ಕಕ್ಕೆ ಬರಲಿ. ವರ್ಗಾವಣೆಯಾಗಿ ಬಂದವರಿಗೆ ಹೊಸದಾಗಿ ನಡೆಯಲಿ. ಮೂರು, ಪಾಠ ಮಾಡುವವರಲ್ಲಿ ಸಂಘದ ಹೆಂಗಸರೂ ಇರಲಿ. ಠಾಣೆಯ ಬೆಂಚಿನ ಮೇಲೆ ಕೂತವಳಿಗಿಂತ ಚೆನ್ನಾಗಿ ಆ ಬೆಂಚಿನ ವಿಷಯ ಯಾವ ಪ್ರೊಫೆಸರೂ ಹೇಳಲಾರರು. ನಾಲ್ಕು, ಪಾಠದ ಪರೀಕ್ಷೆ ಕಾಗದದ ಮೇಲೆ ಬೇಡ. ಮುಂದಿನ ತಿಂಗಳು ಬಂದ ದೂರುಗಳನ್ನು ಹೇಗೆ ಬರೆದುಕೊಂಡರು ಎಂಬುದನ್ನು ಮೇಲಧಿಕಾರಿ ತಾವೇ ಓದಲಿ.

ಕೇಳುತ್ತಾ ಕೂರುವುದು ಬೇಡ. ಮುಂದಿನ ಸಭೆಯಲ್ಲಿ ಒಂದು ಹಾಳೆ ತೆಗೆಯಿರಿ. ಹಾಸನದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ: 2005ರ ಕಾಯ್ದೆಯ 11ನೇ ಕಲಮಿನಂತೆ ನಮ್ಮ ತಾಲ್ಲೂಕಿನ ಠಾಣೆಗಳ ಸಿಬ್ಬಂದಿಗೆ ಕಳೆದ ಮೂರು ವರ್ಷದಲ್ಲಿ ಎಷ್ಟು ಸಲ ತರಬೇತಿ ಆಯಿತು, ಎಷ್ಟು ಜನ ಹಾಜರಾದರು, ಯಾರು ಪಾಠ ಮಾಡಿದರು? ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಸಂಘಗಳೂ ಇದೇ ವಾರ ಬರೆದರೆ ಒಂದೇ ಅಂಚೆಯಲ್ಲಿ ಒಂದೇ ಪ್ರಶ್ನೆ ನಾಲ್ಕು ಕಡೆಯಿಂದ ಬಂದು ಬೀಳುತ್ತದೆ.

ಠಾಣೆಗೆ ಹೋಗುವಾಗ ಒಬ್ಬಳನ್ನೇ ಕಳಿಸಬೇಡಿ. ದೂರನ್ನು ಬರೆದುಕೊಂಡೇ ಹೋಗಿ. ಎಫ್.ಐ.ಆರ್. ಆದರೆ ಅದರ ಪ್ರತಿ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ವರಿಷ್ಠಾಧಿಕಾರಿಗಳಿಗೆ ಕಳಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗುವ ದಾರಿಯಿದೆ.

ಆ ಹೆಣ್ಣುಮಗಳ ದೂರು ಮೂರನೇ ಸಲ ಹೋದಾಗ ದಾಖಲಾಯಿತು. ಆ ಹೊತ್ತಿಗೆ ತೋಳಿನ ಬಾಸುಂಡೆ ಮಾಸಿತ್ತು. "ಗಾಯ ಎಲ್ಲಮ್ಮ?" ಎಂದು ಕೇಳಿದರು.

ಈ ಪ್ರಶ್ನೆಗೆ ಉತ್ತರ ಹೇಳಬೇಕಾದವಳು ಅವಳಲ್ಲ.