ತಪ್ಪು ತಂತಿಯದು, ಬೈಗುಳ ಹುಡುಗನಿಗೆ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ, ಮನೆಯ ಮುಂಗೋಣೆಯನ್ನೇ ಕಚೇರಿ ಮಾಡಿಕೊಂಡು ಲಗ್ನಪತ್ರಿಕೆ, ಜಾಹೀರಾತು, ಮದುವೆಯ ವಿಡಿಯೋಗಳನ್ನು ಸಿದ್ಧಪಡಿಸುವ ನಾಲ್ಕಾರು ಜನರ ಸಂಸ್ಥೆಯೊಂದಿದೆಯೆಂದು ವಾಚಕರು ಭಾವಿಸಿಕೊಳ್ಳಬೇಕು. ವೈಶಾಖದ ಲಗ್ನಗಳು ಸಾಲುಗಟ್ಟಿವೆ. ಹಿಂದಿನ ದಿನ ಹರಿಹರದಲ್ಲಿ ಚಿತ್ರಿಸಿದ ಮದುವೆಯೊಂದರ 60 ಗಿಗಾಬೈಟುಗಳಷ್ಟು ದೃಶ್ಯರಾಶಿಯು ಯಜಮಾನರ ಕಂಪ್ಯೂಟರಿನಿಂದ ಸಂಕಲನದ ಹುಡುಗನ ಕಂಪ್ಯೂಟರಿಗೆ ಹೋಗಬೇಕು. ಹತ್ತಕ್ಕೆ ಆರಂಭವಾದ ರವಾನೆ ಹನ್ನೊಂದೂಕಾಲಾದರೂ ಮುಗಿದಿಲ್ಲ.

“ಏನಪ್ಪಾ, ಇನ್ನೂ ಕೈಕಟ್ಟಿ ಕೂತೀಯಲ್ಲ?”

“ಫೈಲು ಇನ್ನೂ ಬರ್ತಾ ಐತಿ ಸಾರ್.”

ಯಜಮಾನರಿಗೆ ಇದು ಸೋಮಾರಿಯ ನೆಪವೆಂದೇ ತೋರುತ್ತದೆ. ಮದುವೆಯ ಮನೆಯವರು ಬೇರೊಬ್ಬರನ್ನು ಹುಡುಕಿಕೊಂಡಾರೆಂಬ ಭೀತಿ ಅವರಿಗೆ. ಕೆಲಸ ಹೋದೀತೆಂಬ ಭೀತಿ ಹುಡುಗನಿಗೆ. ಕೊನೆಗೆ ಹೆಚ್ಚು ಹಣ ತೆತ್ತು ವೇಗದ ಇಂಟರ್ನೆಟ್ ತರಿಸುವ ನಿರ್ಧಾರವಾಗುತ್ತದೆ. ಅಡಿಗೆಮನೆಯ ದೋಸೆ ಪಡಸಾಲೆಗೆ ಬೇಗ ಬರಲೆಂದು ಬೀದಿಯ ರಸ್ತೆಯನ್ನು ಅಗಲಮಾಡಿಸಿದಂತಾಯಿತು! ಕೋಣೆಯೊಳಗಿನ ಫೈಲು ಬೀದಿಗೆ ಹೋಗುವುದೇ ಇಲ್ಲವಷ್ಟೆ.

ರೋಗದ ಮೂಲ ಅನೇಕ ವೇಳೆ ಕುರ್ಚಿಯ ಕಾಲಿನ ಕೆಳಗಿರುತ್ತದೆ. ಜಾಲದ ಕೇಬಲಿನಲ್ಲಿ ಎಂಟು ಎಳೆಗಳುಂಟು. ಎರಡೆರಡು ಹೊಸೆದು ನಾಲ್ಕು ಜೋಡಿ. ಕ್ಷಣಕ್ಕೆ 1000 ಮೆಗಾಬಿಟ್ ಸಾಗಿಸಲು ನಾಲ್ಕು ಜೋಡಿಯೂ ಬೇಕು. 100ಕ್ಕಾದರೆ ಎರಡೇ ಸಾಕು. ಒಂದು ಎಳೆ ತುಂಡಾದರೆ ಯಂತ್ರಗಳು ದೂರು ಹೇಳದೆ 100ಕ್ಕೆ ಇಳಿದು ದುಡಿಯುವುದುಂಟು. ಎಂಟು ಬಿಟ್ಟಿಗೆ ಒಂದು ಬೈಟು. ಆದುದರಿಂದ 100 ಮೆಗಾಬಿಟ್ಟೆಂದರೆ ಕ್ಷಣಕ್ಕೆ ಹನ್ನೆರಡೂವರೆ ಮೆಗಾಬೈಟು ಮಾತ್ರ. ಈ ಲೆಕ್ಕದಲ್ಲಿ 60 ಗಿಗಾಬೈಟಿಗೆ 80 ನಿಮಿಷ. ಕೇಬಲು ಸರಿಯಿದ್ದರೆ 8 ನಿಮಿಷ, ವ್ಯವಹಾರದಲ್ಲಿ ಹತ್ತೆನ್ನಿ.

ಎಳೆಗಳನ್ನು ಹೊಸೆಯುವ ಉಪಾಯಕ್ಕೆ ಅಲೆಗ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದನು. ಹತ್ತಿಯ ಗಿರಣಿಗಳಿಂದ ಹೆಸರಾದ ಊರಿಗೆ ಹುರಿಯ ಮಹತ್ವವನ್ನು ಹೇಳಿಕೊಡಬೇಕಾಗಿಲ್ಲ. ನೂಲಿನಲ್ಲಿ ಹುರಿಯು ಬಲ ಕೊಡುತ್ತದೆ. ತಂತಿಯಲ್ಲಿ ಹೊರಗಿನ ವಿದ್ಯುತ್ ಗದ್ದಲವು ಎರಡೆಳೆಗಳ ಮೇಲೂ ಸಮನಾಗಿ ಬಿದ್ದು ರದ್ದಾಗುವಂತೆ ಮಾಡುತ್ತದೆ. ಆದುದರಿಂದ ತುದಿಗೆ ಪಿನ್ನು ಕೂಡಿಸುವಾಗ ಅರ್ಧ ಅಂಗುಲಕ್ಕಿಂತ ಹೆಚ್ಚು ಹುರಿ ಬಿಚ್ಚಬಾರದು. ಫ್ಯಾನಿನ ತಂತಿಯ ಮಗ್ಗುಲಲ್ಲೇ ಕೇಬಲನ್ನು ಎಳೆಯಬಾರದು.

ವೈಫೈ ಸಾಲದೇ ಎನ್ನುವವರುಂಟು. ಅದರಲ್ಲಿ ಮಾರ್ಗವೊಂದೇ, ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕು. ಅದೇ ಚಾನೆಲಿನಲ್ಲಿರುವ ನೆರೆಮನೆಯವರೂ ಆ ಸರದಿಯ ಪಾಲುದಾರರೇ. ಹವಾಯಿ ದ್ವೀಪಗಳಲ್ಲಿ 1971ರಲ್ಲಿ ನಡೆದ ರೇಡಿಯೋ ಜಾಲದಿಂದ ಸ್ಫೂರ್ತಿ ಪಡೆದು ರಾಬರ್ಟ್ ಮೆಟ್ಕಾಫ್ 1973ರಲ್ಲಿ ತಂತಿಯ ಈಥರ್ನೆಟ್ಟನ್ನು ರೂಪಿಸಿದನು. ಇಂದಿಗೂ ಕುಳಿತಲ್ಲೇ ಇರುವ ಯಂತ್ರಕ್ಕೆ ತಂತಿ, ಅಲೆದಾಡುವ ಫೋನಿಗೆ ವೈಫೈ ಎಂಬುದೇ ಸರಿಯಾದ ವಿಭಾಗ.

ಪರೀಕ್ಷೆಗೂ ಒಂದು ಕ್ರಮವುಂಟು. ಕಂಪ್ಯೂಟರಿನಲ್ಲಿ ಸಂಪರ್ಕದ ವೇಗ 100 ಎಂದಿದೆಯೋ 1000 ಎಂದಿದೆಯೋ ಮೊದಲು ನೋಡಬೇಕು. 100 ಎಂದಿದ್ದರೆ ಕೇಬಲನ್ನು ಬದಲಿಸಬೇಕು. ಆಗಲೂ ಏರದಿದ್ದರೆ ಸ್ವಿಚ್ಚು ಹಳೆಯ 100ರದೇ ಎಂದು ಪರಿಶೀಲಿಸಬೇಕು. ಎಲ್ಲವೂ ಸರಿಯಿದ್ದೂ ನಿಧಾನವಾದರೆ ಡಿಸ್ಕೇ ಮುದಿಯಾಗಿರಬಹುದು.

ಹುಡುಗನನ್ನು ಬದಲಿಸುವುದು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಹೊಸ ಕೇಬಲು ಬಂದ ದಿನ ಯಜಮಾನರು ಬಾಯಿಬಿಟ್ಟು ತಪ್ಪೊಪ್ಪಿಕೊಳ್ಳಲಾರರು. ಆದರೆ ಹುಡುಗನಿಗೊಂದು ಬೆಣ್ಣೆದೋಸೆ ತರಿಸಿದರೆ ಅವನಿಗೆ ಅರ್ಥವಾಗದಿರದು.