ಉತ್ತರ ಸಿಕ್ಕ ಮೇಲೂ ಬಿಡಬೇಡಿ
ಈ ವಾರ ಕಡೂರಿನ ಜೆರಾಕ್ಸ್ ಅಂಗಡಿಯಲ್ಲಿ ನವೋದಯ ಪ್ರವೇಶ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆಗಳ ಕಟ್ಟು ಹಿಡಿದ ಅಪ್ಪಂದಿರೇ ಹೆಚ್ಚಿದ್ದರು. ಬಾಳೆಹೊನ್ನೂರು ಬಳಿಯ ಸೀಗೋಡಿನ ನವೋದಯ ಶಾಲೆಗೆ ಮಗು ಸೇರಲೇಬೇಕು, ಅದಕ್ಕೆ ದಿನಕ್ಕೊಂದು ಪತ್ರಿಕೆ ಬಿಡಿಸಲೇಬೇಕು ಎಂಬ ಹಟ. ಹಟ ಒಳ್ಳೆಯದೇ, ದಾರಿ ಮಾತ್ರ ಸರಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪರೀಕ್ಷೆಯ 80 ಪ್ರಶ್ನೆಗಳಲ್ಲಿ 40 ಮಾನಸಿಕ ಸಾಮರ್ಥ್ಯದವು. 100ರಲ್ಲಿ 50 ಅಂಕ ಅವಕ್ಕೇ, ಎಲ್ಲವೂ ಚಿತ್ರಗಳು. ಇಲ್ಲಿ ಬಾಯಿಪಾಠ ನಡೆಯದು. ತರೀಕೆರೆ, ಅಜ್ಜಂಪುರದ ಕಡೆ ಅಡಿಕೆ ಆರಿಸುವವರು ಇದು ಬೆಟ್ಟೆ ದರ್ಜೆ ಯಾಕೆ, ರಾಶಿ ದರ್ಜೆ ಯಾಕಲ್ಲ ಎಂದು ನೋಡಿ ನೋಡಿಯೇ ಪಳಗುತ್ತಾರೆ. ಮಗುವೂ ಹಾಗೆಯೇ ಪಳಗಬೇಕು: ಸರಿಯುತ್ತರ ಗುರುತಿಸಿದ ಮೇಲೆ ಉಳಿದ ಮೂರು ಆಯ್ಕೆ ಯಾಕಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಮಡಚಿದ ಕಾಗದಕ್ಕೆ ತೂತು ಹಾಕಿ ಬಿಡಿಸಿದರೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಬಹಳ ಮಕ್ಕಳಿಗೆ ಕಬ್ಬಿಣದ ಕಡಲೆ. ಹಳೇ ನೋಟ್‌ಬುಕ್ಕಿನ ಹಾಳೆಯೊಂದನ್ನು ಕೈಗೆ ಕೊಡಿ. ಎರಡು ಸಲ ಮಡಚಿ, ಮೂಲೆಯ ಹತ್ತಿರ ಪೆನ್ಸಿಲ್ ಮೊನೆಯಿಂದ ಚುಚ್ಚಲಿ. ಬಿಡಿಸುವ ಮೊದಲೇ ನಾಲ್ಕು ತೂತು ಎಲ್ಲೆಲ್ಲಿ ಬರುತ್ತವೆ ಎಂದು ಇನ್ನೊಂದು ಹಾಳೆಯಲ್ಲಿ ಚುಕ್ಕಿ ಇಡಲಿ, ಆಮೇಲೆ ಬಿಡಿಸಿ ತಾಳೆ ನೋಡಲಿ. ತಪ್ಪಿದರೆ ಮತ್ತೆ ಮಡಚಲಿ. ಗಡಿಯಾರ ಆಮೇಲೆ, ಪ್ರಶ್ನೆಗೆ ಒಂದೂವರೆ ನಿಮಿಷದ ಲೆಕ್ಕ ಕೊನೆಯ ತಿಂಗಳಿಗಿರಲಿ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಪರೀಕ್ಷೆಯ ದಿನ ಒಂದನ್ನೂ ಖಾಲಿ ಬಿಡುವುದು ಬೇಡ. ಆರನೇ ತರಗತಿ ಪ್ರವೇಶದ ಈ ಪರೀಕ್ಷೆಯನ್ನು ಮಗು ಎರಡನೇ ಸಲ ಬರೆಯುವಂತಿಲ್ಲ. ಇವತ್ತು ರಾತ್ರಿ ಹತ್ತೇ ಪ್ರಶ್ನೆ ಕೊಡಿ, ಪಕ್ಕದಲ್ಲಿ ಕೂತು ಪ್ರತಿಯೊಂದಕ್ಕೂ ಯಾಕೆ ಅಂತ ಕೇಳಿ.